ಹದಿನೇಳು

ಹೋದ ಏಪ್ರಿಲ್ಲಿನಲ್ಲಿ ಮಗಳನ್ನು ನನ್ನ ಬಸ್ಸಲ್ಲೇ ಕರೆದೊಯ್ದು
ಬೇಲೂರು ದಾಟಿ, ಚಿಕ್ಕಮಗಳೂರಿಗಿನ್ನೂ ಎಂಟು ಕಿಲೋಮೀಟರ್ ಇರುವಾಗ
ಎಡಗಡೆಯ ಮಣ್ಣುದಾರಿಯ ಬಾಯಲ್ಲಿ ಇಳಿಸಿದೆ.
ಒಂದು ಟ್ರಂಕು, ಒಂದು ಚಾಪೆ, ಹೆಸರು ಕೊರೆಸಿದ ಸ್ಟೀಲ್ ತಟ್ಟೆ,
ಕೊರಳಲ್ಲಿ ನನ್ನ ಹಳೆಯ ಸೀಟಿ.
ಹತ್ತು ದಿನದ ಶಿಬಿರ. ತಿರುಗಿ ನೋಡಲಿಲ್ಲ ಅವಳು.
ರೈಟ್ ಅಂದೆ. ರಂಗಶೆಟ್ಟಿ ಗೇರು ಹಾಕಿದ.

ಹತ್ತನೆಯ ದಿನ ಅದೇ ಜಾಗದಲ್ಲಿ ಹತ್ತಿದ್ದು ಬೇರೆ ಯಾರೋ.
ಮೊಣಕೈಯಲ್ಲಿ ಹಕ್ಕಳೆಗಟ್ಟಿದ ಗಾಯ,
ಕೂಗಿ ಕೂಗಿ ಕಟ್ಟಿದ ಗಂಟಲು,
ಕೂದಲ ತುಂಬ ಸೌದೆ ಹೊಗೆ.
ಎರಡು ಸಲ ತಲೆಗೆ ನೀರು ಹಾಕಿದರೂ ಹೋಗಲಿಲ್ಲ.
ಮೂರನೆಯ ಸಲ, ಬೇಡಮ್ಮಾ, ಇರಲಿ ಅಂದಳು.

ಅಲ್ಲಿಗೆ ಮುಗಿಯಿತು ಅಂದುಕೊಂಡಿದ್ದೆ.

ಜೂನಿನಲ್ಲಿ ಸ್ಕೂಲು. ಹೊಸ ಬೂಟು ಕಚ್ಚಿದ ಹಿಮ್ಮಡಿ.
ಉಂಡ ತಟ್ಟೆ ತಾನೇ ತೊಳೆದು ಕವುಚಿ ಹಾಕುತ್ತಾಳೆ,
ನನ್ನದನ್ನೂ.
ಒಂಬತ್ತು ವರ್ಷ ನಾನು ಹೇಳಿ ಸೋತದ್ದನ್ನು
ಯಾರು ಕಲಿಸಿದರೋ ಹತ್ತು ದಿನದಲ್ಲಿ.
ಹೊಟ್ಟೆಕಿಚ್ಚಲ್ಲ.
ಸ್ವಲ್ಪ ಹೊಟ್ಟೆಕಿಚ್ಚೇ.

ಗಣಪತಿ ಹಬ್ಬದ ರಜೆಯಲ್ಲಿ ಗೋಡೆಗೆ ಕಾಲೊರಗಿಸಿ ಮಲಗಿ
ಜೋಯಲ್ ಅಂದ್ರೆ ಯಾರು ಗೊತ್ತಾ ಅಂದಳು. ಮೂಡಿಗೆರೆಯವನು.
ಉಪ್ಪಿಟ್ಟಿನ ಸಾಸಿವೆ ಎಣಿಸಿಕೊಂಡು ತಿನ್ನುತ್ತಾನಂತೆ.
ಇನ್ನೂ ಹೇಳು ಅಂದೆ.
ಹೇಳಲಿಲ್ಲ. ಸೂರಿನ ಕಡೆ ನೋಡಿ ಒಬ್ಬಳೇ ನಕ್ಕಳು.

ಕರೆಂಟು ಹೋದಾಗ ತಿಳಿಯಿತು.
ಇಡೀ ಬೀದಿ ಕತ್ತಲು. ನಾನು ಬೆಂಕಿಪೊಟ್ಟಣ ತಡಕುತ್ತಿದ್ದರೆ
ಮೂಲೆಯಿಂದ ಅವಳ ದನಿ: ಹದಿನೇಳು.
ಏನೇ ಅದು?
ಏನಿಲ್ಲ. ಕತ್ತಲಾದ್ರೆ ಹೇಳಬೇಕು.

ರಾತ್ರಿ ಕೆರೆಯಂಚಿಗೆ ನಕ್ಷತ್ರ ನೋಡಲು ಹೊರಟರೆ
ಟಾರ್ಚು ಆರಿಸಿ ಸಾಲಾಗಿ ನಡೆಯುತ್ತಿದ್ದರಂತೆ.
ಮುಂದಿನವನು ಹದಿನಾರು ಅಂದರೆ ಇವಳು ಹದಿನೇಳು,
ಹಿಂದಿನವಳು ಹದಿನೆಂಟು, ಹೀಗೇ ಮೂವತ್ತೊಂದರ ತನಕ.
ಒಂದು ದನಿ ತಡವಾದರೂ
ಎಲ್ಲರೂ ನಿಲ್ಲಬೇಕು.

ಆಮೇಲೆ ಗಮನಿಸಿದೆ. ದಿನಾ ಲೈಟಾರಿಸಿದ ಮೇಲೆ
ಅವಳ ತುಟಿ ಅಲುಗುತ್ತದೆ.
ಹೇಳಿ, ಒಂದು ಗಳಿಗೆ ಕಾಯುತ್ತಾಳೆ.
ಆ ಗಳಿಗೆಯಲ್ಲಿ ನಾನು ಪಕ್ಕದಲ್ಲಿದ್ದೂ
ಸಾಲಿನಲ್ಲಿಲ್ಲ.

ದಿನಕ್ಕೆ ನಾಲ್ಕು ಸಲ ಆ ಮಣ್ಣುದಾರಿ ದಾಟುತ್ತೇನೆ.
ಶ್ರಾವಣದಲ್ಲಿ ಮೊಣಕಾಲೆತ್ತರ ಹುಲ್ಲು,
ಡಿಸೆಂಬರಿನಲ್ಲಿ ಕಾಫಿ ಕುಯ್ಲಿಗೆ ಜನ ತುಂಬಿದ ಜೀಪು.
ಇಳಿಯುವವರಿಲ್ಲದಿದ್ದರೂ ರಂಗಶೆಟ್ಟಿ ಅಲ್ಲಿ ಸ್ವಲ್ಪ ನಿಧಾನಿಸುತ್ತಾನೆ.
ನಾನು ಹೇಳಿದ್ದಲ್ಲ.

ಫೆಬ್ರವರಿಯ ಒಂದು ಸೋಮವಾರ, ಹಗರೆ ದಾಟಿದ ಮೇಲೆ
ಲೆಕ್ಕ ತಾಳೆಯಾಗದೆ ತಲೆ ಎಣಿಸುತ್ತಿದ್ದೆ.
ಸೊನ್ನೆ ರೂಪಾಯಿ ಟಿಕೆಟ್ಟಿನವರು, ದುಡ್ಡು ಕೊಟ್ಟವರು,
ಮೆಟ್ಟಿಲ ಮೇಲೆ ಜೋತುಬಿದ್ದ ಕಾಲೇಜು ಹುಡುಗರು,
ಬಾಯಿಬಿಟ್ಟೇ: ಹದಿನೈದು, ಹದಿನಾರು, ಹದಿನೇಳು,
ಹದಿನೆಂಟು! ಅಂತ ಹಿಂದಿನಿಂದ ಯಾರೋ.

ಕಿಟಕಿ ಪಕ್ಕ, ಅಜ್ಜಿಯ ಬುರ್ಖಾದ ಮಗ್ಗುಲಿಗೆ ಒತ್ತಿಕೊಂಡು
ಒಬ್ಬ ಹುಡುಗಿ. ನನ್ನವಳದೇ ವಯಸ್ಸು.
ಅಂದವಳೇ ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡಳು.
ಅಜ್ಜಿ ಮೆಲ್ಲಗೆ ಗದರಿದರು.
ಏನು ಕೇಳಬೇಕೋ ತೋಚದೆ ಚಿಲ್ಲರೆ ಎಣಿಸಿದೆ.
ಬೇಲೂರಿನಲ್ಲಿ, ನನ್ನ ಕೊರಳ ಸೀಟಿಯನ್ನೇ ನೋಡುತ್ತ
ಇಳಿದುಹೋದಳು.
ಲೆಕ್ಕ ಆಮೇಲೂ ತಾಳೆಯಾಗಲಿಲ್ಲ.

ರಾತ್ರಿ ಹೇಳಿದೆ.
ತಟ್ಟೆ ತೊಳೆಯುತ್ತಿದ್ದವಳು ನಲ್ಲಿ ನಿಲ್ಲಿಸಿದಳು.
ಫರ್ಹಾನಾ! ಅವಳಿಗೆ ಹಲ್ಲು ಬಂತಾ?
ಕೋರೆಹಲ್ಲು, ಕೆರೆ ಹತ್ರ ಬಿದ್ದಿದ್ದು?
ನೋಡಲಿಲ್ಲ ಕಣೇ. ನಾಚಿಕೆ ಅವಳಿಗೆ,
ಬಾಯಿ ಮುಚ್ಚಿಕೊಂಡುಬಿಟ್ಟಳು.
ಎರಡೂ ಕೈಲಾ?
ಹೂಂ.
ಹಾಗಾದ್ರೆ ಇನ್ನೂ ಬಂದಿಲ್ಲ, ಅಂದಳು,
ನಲ್ಲಿ ಮತ್ತೆ ತಿರುಗಿಸಿದಳು.