ಮರದ ಮೊಟ್ಟೆ

ಇವತ್ತು ದೋಣಿ ಬಿಡೋದಿಲ್ಲ, ಅಂದ ಟಿಕೆಟ್ಟಿನವನು.
ಗಾಳಿ. ಸುಪೀರಿಯರ್ ಸರೋವರ ಬೆಳಗಿನಿಂದ
ಕಟ್ಟೆಗೆ ತಲೆ ಚಚ್ಚಿಕೊಳ್ಳುತ್ತಿತ್ತು.
ವರ್ಷಕ್ಕೊಮ್ಮೆ ಸಿಗುವ ನಾಲ್ಕು ದಿನದಲ್ಲಿ
ಒಂದು ಹೀಗೆ ಕೈಜಾರಿತಲ್ಲ ಅಂತ
ವೇಡ್ ಕಾರಿನ ಮೂತಿಯ ಮೇಲೆ ನಕ್ಷೆ ಹರಡಿದ.
ನಕ್ಷೆಯೂ ಹಾರಿಹೋಯಿತು.

ಅದಕ್ಕೇ ಬಂದೆವು ಈ ಹಳೆಯ ಹಿಟ್ಟಿನ ಗಿರಣಿಗೆ,
ಈಗ ಮಕ್ಕಳ ಮ್ಯೂಸಿಯಂ.
ಬಾಗಿಲಲ್ಲೇ, ನನ್ನ ಸೊಂಟದೆತ್ತರಕ್ಕೆ, ಒಂದು ಹಲಗೆ:
ದಯವಿಟ್ಟು ಮುಟ್ಟಿ.
ಒಟ್ಟೊಗೆ ಇನ್ನೂ ಓದಲು ಬಾರದು.
ಹಲಗೆಯನ್ನೇ ಮುಟ್ಟಿದ,
ಆಮೇಲೆ ನೆಕ್ಕಿದ.

ಒಳಗೆ ನೀರಿನ ಮೇಜು, ರಟ್ಟೆಯಷ್ಟು ದಪ್ಪ ಹಗ್ಗದ ರಾಟೆ,
ಹೊಕ್ಕು ಹೊರಡಬಹುದಾದ ರಬ್ಬರಿನ ಹೃದಯ.
ಹಲ್ಲುಚಕ್ರಗಳ ಗೋಡೆಯೆದುರು ವೇಡ್ ನಿಂತವನು ನಿಂತೇ ಬಿಟ್ಟ.
ಮೂರು ಮಕ್ಕಳು ಅವನ ಹಿಂದೆ ಸರದಿ ಕಾಯುತ್ತಿದ್ದವು.
"ಇದರ ಒಂದು ಹಲ್ಲು ಸವೆದಿದೆ ನೋಡು," ಅಂದ ನನಗೆ,
ಬಾಯ್ಲರ್ ರಿಪೇರಿಗೆ ಹೋದ ಮನೆಯಲ್ಲಿ ಹೇಳುವ ಹಾಗೆ.

ಮೂರನೇ ಮಹಡಿಯಲ್ಲಿ ಮಾರುಕಟ್ಟೆ.
ಪ್ಲಾಸ್ಟಿಕ್ ಗಜ್ಜರಿ, ಬಟ್ಟೆಯ ಮೀನು,
ಹನ್ನೆರಡರ ಡಬ್ಬಿಯಲ್ಲಿ ಹನ್ನೊಂದು ಮರದ ಮೊಟ್ಟೆ.
ಹ್ಯಾಟಿ ಆಗಲೇ ಹಸಿರು ಏಪ್ರನ್ ಕಟ್ಟಿಕೊಂಡು
ಗಲ್ಲಾಪೆಟ್ಟಿಗೆಯ ಹಿಂದೆ.
ಯಂತ್ರ ಕೆಟ್ಟಿತ್ತು. ಬೀಪ್, ಅಂದಳು ತಾನೇ, ಬಾಯಲ್ಲಿ.
ಬೀಪ್. ಬೀಪ್.
ನಮ್ಮ ಅಂಗಡಿಯ ಯಂತ್ರದ್ದೇ ಸ್ವರ, ಕೂದಲೆಳೆ ಹೆಚ್ಚು ಕಡಿಮೆಯಿಲ್ಲ.

ಹನ್ನೊಂದು ವರ್ಷ ನಾನು ಆ ಕಡೆ ನಿಂತವಳು.
ಕೌಂಟರ್ ನಂಬರ್ ಏಳು.
ಹೊಟ್ಟೆಪಾಡನ್ನು ಊರಲ್ಲೇ ಬಿಟ್ಟು ಬಂದೆ ಅಂದುಕೊಂಡರೆ
ಅದು ನಾಲ್ಕಡಿ ಎತ್ತರವಾಗಿ ನನಗಿಂತ ಮೊದಲೇ ಮಹಡಿ ಹತ್ತಿತ್ತು.
ಗಾಡಿ ತಳ್ಳಿಕೊಂಡು ಸಾಲಿನಲ್ಲಿ ನಿಂತೆ.

"ನಮ್ಮ ಅಂಗಡಿಯ ಕಾರ್ಡ್ ಇದೆಯಾ?"
ಮುಖ ನೋಡಲಿಲ್ಲ.
ಹೌದು, ನಾನೂ ನೋಡುವುದಿಲ್ಲ, ಸಂಜೆ ನಾಲ್ಕಾದ ಮೇಲೆ.
"ಚೀಲ ಬೇಕಾ?"
ಕೇಳುತ್ತ ಕೇಳುತ್ತ ಎಡಗಾಲನ್ನು ಬೂಟಿನಿಂದ ಮೆಲ್ಲಗೆ ಬಿಡಿಸಿ
ಬಲ ಮೀನಖಂಡಕ್ಕೆ ತಿಕ್ಕಿಕೊಂಡಳು.

ಅದು ಏಳನೇ ಗಂಟೆಯ ಕಾಲು.
ಅದು ನನ್ನದು.
ಯಾರೂ ನೋಡುವುದಿಲ್ಲ ಅಂತ
ಕೌಂಟರಿನ ಮರೆಯಲ್ಲಿ ಮಾಡುವ ಕೆಲಸ ಅದು.
ವೇಡ್ ತಡವಾಗಿ ಬರುವ ಶನಿವಾರಗಳಲ್ಲಿ
ಬೋರಲು ಹಾಕಿದ ಹಾಲಿನ ಕ್ರೇಟಿನ ಮೇಲೆ ನನ್ನ ಪಕ್ಕ ಕೂತು
ಇವಳು ಚಿತ್ರಕ್ಕೆ ಬಣ್ಣ ತುಂಬುತ್ತಿದ್ದಾಳೆ ಅಂತಲೇ
ನಾನು ತಿಳಿದಿದ್ದೆ.

ದುಡ್ಡು ಕೊಡಲು ನನ್ನಲ್ಲಿ ರಟ್ಟಿನ ನೋಟು ಕೂಡ ಇರಲಿಲ್ಲ.
ಗಾಳಿಯನ್ನೇ ಹಿಡಿದು ಕೊಟ್ಟೆ. ತೆಗೆದುಕೊಂಡಳು.
ಚಿಲ್ಲರೆ ವಾಪಸು ಕೊಡಬೇಕಲ್ಲ.
ನನ್ನ ಅಂಗೈ ಬಿಡಿಸಿ ಎಣಿಸಿದಳು,
ಒಂದು, ಎರಡು, ಮೂರು,
ಏನೂ ಇಲ್ಲದ್ದನ್ನು, ಬೆರಳ ತುದಿ ಊರಿ ಊರಿ.
ಈಗೆಲ್ಲ ಕಾರ್ಡ್ ತೋರಿಸಿ ಹೋಗುತ್ತಾರೆ.
ನನ್ನ ಕೌಂಟರಿನಲ್ಲಿ ಕೈಗೆ ಕೈ ತಾಗಿ ಎಷ್ಟು ದಿನವಾಯಿತೋ.

"ಮುಂದಿನವರು!"
ನಾನಿನ್ನೂ ಅಂಗೈ ಚಾಚಿಕೊಂಡೇ ಇದ್ದೆ.
ಹಿಂದಿದ್ದ ಹುಡುಗ ಗಾಡಿಯಿಂದ ನನ್ನ ಹಿಮ್ಮಡಿಗೆ ಗುದ್ದಿದ.

ರಾತ್ರಿ ಮೋಟೆಲಿನಲ್ಲಿ ನಿದ್ದೆ ಹೋದ ಒಟ್ಟೊನ ಮುಷ್ಟಿ ಬಿಡಿಸಿದರೆ
ಮರದ ಮೊಟ್ಟೆ, ಬೆವರಿ ಬೆಚ್ಚಗಾದದ್ದು.
ಹನ್ನೆರಡನೆಯದು ಇವನ ಹತ್ತಿರ ಇತ್ತು!
"ಇಟ್ಟುಕೊಳ್ಳಲಿ ಬಿಡು," ಅಂದ ವೇಡ್.
ನಾಲ್ಕು ಸೆಂಟು ಕಡಿಮೆ ಬಿದ್ದರೆ ನನಗೆ ಸಹಿ ಹಾಕಿಸುತ್ತಾರೆ,
ಅವನಿಗೇನು ಗೊತ್ತು.
ಬೆಳಗ್ಗೆ ಹಿಂತಿರುಗಿಸಿ ಬಂದೆ.
ಬಾಗಿಲಲ್ಲಿದ್ದ ಮುದುಕ ಅದನ್ನು ಕಿವಿಗೆ ಹಿಡಿದು,
"ಮರಿಯ ಸದ್ದಿಲ್ಲ, ಸದ್ಯ," ಅಂದ.

ಮಂಗಳವಾರ. ಕೌಂಟರ್ ನಂಬರ್ ಏಳು.
ಉಣ್ಣೆ ಟೋಪಿಯ ಹೆಂಗಸೊಬ್ಬಳು ಡಜನ್ ಮೊಟ್ಟೆ ತಂದಿಟ್ಟಳು.
ಒಡೆದಿದೆಯೋ ಏನೋ ಅಂತ ಮುಚ್ಚಳ ತೆರೆದು
ಒಮ್ಮೆ ಕಣ್ಣಾಡಿಸಿ ಮುಚ್ಚುವುದು ರೂಢಿ.
ಅವತ್ತು ಒಂದೊಂದನ್ನೂ ಮುಟ್ಟಿದೆ,
ಗೂಡಿನಲ್ಲೇ ಅಷ್ಟಿಷ್ಟು ಹೊರಳಿಸಿ.
ಸಾಲು ಬೆಳೆಯಿತು. ಯಾರೋ ಕೆಮ್ಮಿದರು.
ತಣ್ಣಗಿದ್ದವು. ಹನ್ನೆರಡೂ ಇದ್ದವು.