ಒತ್ತು

ತುಮಕೂರು ಜಿಲ್ಲಾ ಆಸ್ಪತ್ರೆ, ಮಾನಸಿಕ ವಿಭಾಗ.
ಔಷಧಿ ಕೌಂಟರಿನ ಸಾಲು ತಿರುಗುವಲ್ಲಿ ನನ್ನ ಕೋಣೆ.
ಪೊಲೀಸಿನವರು ಅವನನ್ನು ಕೂರಿಸಿ, ಬಾಗಿಲು ಓರೆ ಮಾಡಿ,
ಹೊರಗೆ ಕಡಲೆಕಾಯಿ ಸುಲಿಯುತ್ತ ನಿಂತರು.

ಜುಂಜಣ್ಣ, ನಲವತ್ತಾರು, ಸರ್ಕಾರಿ ಬಸ್ಸಿನ ಡ್ರೈವರು.
ಹತ್ತೊಂಬತ್ತು ವರ್ಷದ ಸರ್ವಿಸು, ಒಂದು ಗೀರೂ ಇಲ್ಲದ್ದು.
ಕಳ್ಳಂಬೆಳ್ಳ ದಾಟಿದ ಮೇಲೆ, ಬೆಳಗಿನ ಐದೂವರೆಗೆ,
ಒಂದು ಟಿವಿಎಸ್ಸು, ಅದರ ಬೆನ್ನಿಗೆ ಸೇವಂತಿಗೆ ಮೂಟೆ, ಒಬ್ಬ ಮನುಷ್ಯ.
ಆಮೇಲೆ ಬಸ್ಸಿತ್ತು, ಪ್ಯಾಸೆಂಜರಿದ್ದರು, ಕಂಡಕ್ಟರು ಕೂಗುತ್ತಿದ್ದ,
ಡ್ರೈವರು ಇರಲಿಲ್ಲ.
ಆರು ಕಿಲೋಮೀಟರು ಆಚೆ, ಯಾರದೋ ಪಂಪ್‌ಹೌಸಿನ ನೆರಳಲ್ಲಿ
ಮಧ್ಯಾಹ್ನ ಸಿಕ್ಕ. ಕೈಯಲ್ಲಿ ಗಾಜು ಒರೆಸುವ ಬಟ್ಟೆ,
ನೀಟಾಗಿ ಮಡಿಸಿದ್ದು.

ಪರಾರಿ, ಎನ್ನುತ್ತದೆ ಎಫ್‌ಐಆರು.
ಕಾಯಿಲೆ, ಎನ್ನುತ್ತಾರೆ ಅವನ ವಕೀಲರು.
ಯಾವುದೆಂದು ಎರಡು ಪುಟದಲ್ಲಿ ತಿಳಿಸಿ, ಎನ್ನುತ್ತದೆ ಕೋರ್ಟಿನ ಪತ್ರ.

ಈ ಕಾಯಿಲೆಗೆ ಪಂಚಾಂಗ ಉಂಟು.
ಮೂರು ದಿನಕ್ಕೆ ಮುಂಚೆ ಅದಕ್ಕೆ ಹೆಸರಿಲ್ಲ,
ತಿಂಗಳು ದಾಟಿದರೆ ಬೇರೆ ಹೆಸರು.
ಇವತ್ತಿಗೆ ಹನ್ನೊಂದು.
ಹೂವಿನವನ ಮನೆಯಲ್ಲೂ ಇವತ್ತು ಹನ್ನೊಂದು,
ಎಡೆ ಇಟ್ಟು ಕಾಗೆಗೆ ಕಾಯುವ ಹೊತ್ತು.

'ಆಮೇಲೇನಾಯ್ತು?'
'ಗ್ಯಾಪ್ಕ ಇಲ್ಲ ಮೇಡಂ. ಬಟ್ಟೆ ಮಡಚಿದ್ದು ಗ್ಯಾಪ್ಕ ಐತೆ.
ಯಾತಕ್ಕೆ ಅಂತ ಇಲ್ಲ.'
ಬರೆದೆ: ಭಾಗಶಃ ವಿಸ್ಮೃತಿ.
'ನಿದ್ದೆ?'
'ಕಣ್ಮುಚ್ಚಿದ್ರೆ ರೋಡು ಬತ್ತದೆ.'
ಬರೆದೆ.
'ಈ ಕೈ ನಂದಲ್ಲ ಅನ್ನುಸ್ತದೆ, ಯಾರೋ ಇಟ್ಟೋದಂಗೆ.'
ಇದಕ್ಕೂ ನನ್ನಲ್ಲಿ ಪದವಿತ್ತು.
ಬರೆಯುವ ಮುಂಚೆ ಆ ಕೈಗಳನ್ನು ನೋಡಿದೆ.

ಗೋಡೆಯ ಸರಸ್ವತಿ ಪಟಕ್ಕೆ ಆಯಾ ಹಾಕಿದ್ದ ಸೇವಂತಿಗೆ ಹಾರ.
ಬಂದಾಗಲೇ ಅವನು ಕುರ್ಚಿಯನ್ನು ಬಾಗಿಲ ಕಡೆ ತಿರುಗಿಸಿಕೊಂಡಿದ್ದ.
ಸುಳ್ಳು ಹೇಳುವವರು ಜಾಸ್ತಿ ಹೇಳುತ್ತಾರೆ, ಇವನು ಕಮ್ಮಿ ಹೇಳಿದ.
ಕಮ್ಮಿ ಹೇಳಲು ಕಲಿಸುವ ವಕೀಲರೂ ಇದ್ದಾರೆ.

ಹೊರಗೆ ಟ್ರಾಲಿ ಗಡಗಡಿಸಿ ಬಂತು.
ಅವನ ಬಲಗಾಲು ನೆಲವನ್ನು ಒತ್ತಿತು.
ಮುಖಕ್ಕೆ ಗೊತ್ತೇ ಇಲ್ಲ, ಅದು ಮಗಳ ಫೀಸಿನ ಮಾತಾಡುತ್ತಿತ್ತು,
ಕಾಲು ಒತ್ತುತ್ತಲೇ ಇತ್ತು, ಮೊಣಕಾಲು ನಡುಗುವಷ್ಟು,
ಮೊಸಾಯಿಕ್ ನೆಲದ ಕೆಳಗೆ ಎಲ್ಲೋ ಬ್ರೇಕು ಇರುವಂತೆ.
ಫಾರಮ್ಮಿನಲ್ಲಿ ಕಾಲಿಗೆ ಕಾಲಂ ಇಲ್ಲ.
ಅಂಚಿನಲ್ಲಿ ಪೆನ್ಸಿಲಿನಲ್ಲಿ ಬರೆದುಕೊಂಡೆ.

*

ಸಾಕ್ಷಿಗೆ ಕರೆ ಬಂದದ್ದು ಎರಡು ವರ್ಷದ ಮೇಲೆ.
ಕೋರ್ಟಿನ ಕಾರಿಡಾರು, ಬೆಂಚಿನ ತುದಿಯಲ್ಲಿ ಶಿವಗಂಗಮ್ಮ, ಹೂವಿನವನ ಹೆಂಡತಿ.
ರಸ್ತೆಯಲ್ಲಿ ಹಾರ್ನು ಆದಾಗೆಲ್ಲ ಸೆರಗು ಹಿಡಿದು ಎದ್ದು ನಿಲ್ಲುತ್ತಾಳೆ,
ಕೂರುತ್ತಾಳೆ. ಪಕ್ಕದವರು ಈಗ ತಿರುಗಿಯೂ ನೋಡುವುದಿಲ್ಲ.
ಇವಳನ್ನು ಪರೀಕ್ಷಿಸಿ ವರದಿ ಕೊಡಿ ಎಂದು
ಯಾವ ಕೋರ್ಟೂ ನನಗೆ ಪತ್ರ ಬರೆದಿರಲಿಲ್ಲ.
ಇವಳ ಮೂವತ್ತು ದಿನ ಯಾವ ಫೈಲಿನಲ್ಲೂ ಇಲ್ಲ.

'ಮಡಿಸಿದ ಬಟ್ಟೆ, ಡಾಕ್ಟರೇ,' ಎಂದರು ಸರ್ಕಾರಿ ವಕೀಲರು.
'ಸ್ವಾಧೀನ ತಪ್ಪಿದವನು ಬಟ್ಟೆ ಮಡಿಸುತ್ತಾನೆಯೇ?'
ಮಡಿಸಬಹುದು, ಎಂದೆ. ಮಡಿಸದೆಯೂ ಇರಬಹುದು.
'ನಟನೆ?'
ಇರಬಹುದು. ನನಗೆ ಹಾಗೆ ಕಾಣಲಿಲ್ಲ.
'ಆ ಕಾಯಿಲೆ ಈಗಲೂ ಇದೆಯೇ?'
ಆ ಹೆಸರಿನದು ತಿಂಗಳ ಮೇಲೆ ಇರುವುದಿಲ್ಲ, ಸ್ವಾಮಿ.
ನಕ್ಕರು ಒಂದಿಬ್ಬರು.

ಟೈಪಿಸ್ಟು ತಲೆಯೆತ್ತಿ ಮೆಲ್ಲಗೆ ಕೇಳಿದಳು:
'ತೀವ್ರ ಒತ್ತಡ... ತಕ್ಕೆ ತ ಒತ್ತು ತಾನೆ, ಮೇಡಂ?'
ಹೌದಮ್ಮ, ತಕ್ಕೆ ತ ಒತ್ತು.

ಹೊರಗೆ ಒಂದು ಬಸ್ಸು ಹಾರ್ನು ಹೊಡೆಯಿತು.
ಕಟಕಟೆಯ ಕಂಬಿಗಳ ಕೆಳಗೆ ಬಲಗಾಲಿನ ಚಪ್ಪಲಿ.
ತೆರೆದ ಬಾಗಿಲಲ್ಲಿ, ಬೆಂಚಿನಿಂದ ಏಳುತ್ತಿದ್ದ ಒಂದು ಸೀರೆ.