ಲಾಭ, ಎರಡು, ಮೂರು

ಐದನೆಯ ದಿನ ಬರೆಸಿದರು ಇಸಿಜಿ.
ಅಲ್ಲಿಯವರೆಗೆ ಎಲ್ಲರ ಕಣ್ಣು
ದೌಲಪ್ಪನ ಕಣ್ಣಿನ ಹಳದಿಯ ಮೇಲೆ,
ಅರ್ಧವೂ ತುಂಬದ ಉಚ್ಚೆಯ ಚೀಲದ ಮೇಲೆ,
ಮುಟ್ಟಿದರೆ ಚೀರಿಸುವ ಮೀನಖಂಡಗಳ ಮೇಲೆ.
ಎದೆಯ ಬಗ್ಗೆ ಅವನೂ ಏನೂ ಹೇಳಿರಲಿಲ್ಲ.
ಹಮಾಲನಿಗೆ ಎದೆ ಅಂದರೆ
ಚೀಲ ತಾಗುವ ಜಾಗ, ಅಷ್ಟೇ.

ರಾತ್ರಿ ಎರಡಕ್ಕೆ ಗಾಡಿ ದೂಡಿಕೊಂಡು ಹೋದೆ
ಮೂರನೆಯ ಮಹಡಿಯ ಜ್ವರದ ವಾರ್ಡಿಗೆ.
ಒಂದು ಗಾಲಿ ಕಿರುಗುಟ್ಟುತ್ತದೆ, ಎಣ್ಣೆ ಕೇಳಿ ವರ್ಷವಾಯಿತು.
ಬೆವರು ಒರೆಸಿ, ಜೆಲ್ಲಿ ಹಚ್ಚಿ,
ಆರು ಬಟ್ಟಲು ಎದೆಗೆ, ನಾಲ್ಕು ಕ್ಲಿಪ್ಪು ಕೈಕಾಲಿಗೆ.
"ಕರೆಂಟ್ ಹೊಡೀತದೇನ್ರಿ ಸಿಸ್ಟರ್?"
"ಇಲ್ಲೋ ಯಪ್ಪಾ, ನಿಂದೇ ಕರೆಂಟ್ ನಾವು ನೋಡೋದು."

ಬಲಗಾಲಿನ ಹೆಬ್ಬೆರಳ ಸಂದಿಯಲ್ಲಿ ಒಂದು ಬಿರುಕು,
ದಬ್ಬಣದ ಕಣ್ಣಿನಷ್ಟು.
ಶ್ರಾವಣದ ಮಳೆಗೆ ಗಂಜ್‌ನ ಗೋದಾಮಿನೊಳಗೆ
ಮೊಣಕಾಲು ಮಟ ನೀರು.
ಕೆಳಸಾಲಿನ ತೊಗರಿ ಉಬ್ಬಿ ಚೀಲ ಒಡೆಯುವ ಮೊದಲು
ಎತ್ತು ಅಂದರು ಸಾವಕಾರ್ರು. ಎತ್ತಿದ.
ಇಲಿಗಳು ಮೇಲಿನ ಸಾಲಿಗೆ ಹತ್ತಿ ಕೂತು
ನೋಡುತ್ತಿದ್ದವಂತೆ.
ಅವಕ್ಕೇನೂ ಆಗುವುದಿಲ್ಲ.
ಮೂತ್ರಪಿಂಡದಲ್ಲಿ ರೋಗಕ್ಕೆ ಬಾಡಿಗೆ ಕೋಣೆ ಕೊಟ್ಟು
ಆರಾಮಾಗಿ ಸಂಸಾರ ಮಾಡುತ್ತವೆ.
ಬಿಟ್ಟದ್ದು ನೀರಿಗೆ, ನೀರಿನಿಂದ ಬಿರುಕಿಗೆ,
ಅಲ್ಲಿಂದ ಮುಂದೆ ಯಾರ ಕಾವಲೂ ಇಲ್ಲ.

ಕಾಗದ ಹೊರಬಂತು.
ನಾನು ಡಾಕ್ಟರಲ್ಲ. ಆದರೂ ಗೊತ್ತಾಗುತ್ತದೆ:
ಪ್ರತಿ ಮುಳ್ಳಿನ ಮುಂಚೆ ಒಂದು ಸಣ್ಣ ದಿಬ್ಬ ಇರಬೇಕು,
ಬಾಗಿಲು ತೆರೆಯುವ ಮೊದಲು
ಒಳಗಿನವರು ಕೆಮ್ಮಿದ ಹಾಗೆ.
ಇಲ್ಲಿ ದಿಬ್ಬವೇ ಇಲ್ಲ.
ಬರೀ ನಡುಗುವ ಗೆರೆ,
ಅದರ ಮೇಲೆ ಮುಳ್ಳು, ಮುಳ್ಳು, ಬಯಲು, ಮುಳ್ಳು,
ಮತ್ತೆ ಮೂರು ಒಮ್ಮೆಗೇ ನೂಕಾಡಿಕೊಂಡು.

ಗಂಜ್‌ನಲ್ಲಿ ಎಣಿಕೆ ಒಂದರಿಂದ ಶುರುವಾಗುವುದಿಲ್ಲ.
ಲಾಭ, ಎರಡು, ಮೂರು…
ಹಲಗೆ ಹತ್ತುವ ಹೆಜ್ಜೆಗೂ ಅದೇ ಲೆಕ್ಕ,
ಇಪ್ಪತ್ತೆರಡು ವರ್ಷ ತಪ್ಪಿದವನಲ್ಲ ಇವನು.
ಒಳಗಿನ ಗುಮಾಸ್ತ ಈಗ
ಲಾಭ ಅಂದ, ಏಳು ಅಂದ,
ಸುಮ್ಮನಾದ.
ಮತ್ತೆ ಲಾಭ, ಲಾಭ, ಲಾಭ ಅಂದ.

ಡಾಕ್ಟರ್ ಸಬೀಹಾ ಕಾಗದವನ್ನು ದೀಪಕ್ಕೆ ಹಿಡಿದು
"ಹಾರ್ಟಿಗೂ ಇಳದದ" ಅಂದರು, ಮೆಲ್ಲಗೆ.
ಕಾಶಮ್ಮ ಕೇಳಿಸಿಕೊಂಡಳು.
"ಇಲಿ ಜ್ವರ ಅಂದ್ರಲ್ರೀ, ಹಾರ್ಟ್ ಯಾಕ್ರೀ?
ಅವ್ರಪ್ಪಗ ಇರ್ಲಿಲ್ಲ, ಅಜ್ಜಗ ಇರ್ಲಿಲ್ಲ…"
ಉತ್ತರ ಕೊಡಲು ಯಾರಿಗೂ ಪುರುಸೊತ್ತಿರಲಿಲ್ಲ.
ಮಾನಿಟರ್ ತಂದರು, ಪಕ್ಕದ ಮಂಚ ಸರಿಸಿದರು.
ಆ ವಾರ್ಡಿನಲ್ಲಿ ಲೆಕ್ಕ ತಪ್ಪದೆ ಬೀಳುತ್ತಿದ್ದದ್ದು
ಸಲೈನಿನ ಹನಿಯೊಂದೇ.

ಆರು ರಾತ್ರಿ ಬರೆದೆ.
ಎರಡನೆಯದು ಇನ್ನೂ ಕೆಟ್ಟಿತ್ತು,
ಮಡಚಿ ಫೈಲಿನ ತಳಕ್ಕೆ ಹಾಕಿದೆ.
ನಾಲ್ಕನೆಯದನ್ನು ನಡುದಾರಿಯಲ್ಲಿ ಗಾಡಿ ನಿಲ್ಲಿಸಿ
ಟ್ಯೂಬ್‌ಲೈಟಿನ ಕೆಳಗೆ ಮತ್ತೆ ನೋಡಿದೆ.
ಮುಳ್ಳಿನ ಮುಂಚೆ ದಿಬ್ಬ.
ತೊಗರಿ ನುಚ್ಚಿನಷ್ಟೇ, ಆದರೆ ಇತ್ತು.
ಮುಂದಿನ ಮುಳ್ಳಿಗೂ ಇತ್ತು.

ಮನೆಗೆ ಹೋಗುವ ದಿನ ಕಾಶಮ್ಮ
ಕೆಟ್ಟ ಕಾಗದವನ್ನೇ ಕೇಳಿದಳು.
"ಸಾವಕಾರ್ರಿಗಿ ತೋರಸ್ಬೇಕ್ರಿ,
ಛಂದ್ ಇದ್ದದ್ದು ತೋರಿಸಿದ್ರ ನಾಳಿಗೇ ಚೀಲ ಹೊರಸ್ತಾರ."
ಜೆರಾಕ್ಸ್ ಮಾಡಿಸು ಅಂದೆ,
ಈ ಕಾಗದದ ಬರಹ ನಿಲ್ಲುವುದಿಲ್ಲ,
ಮುಂದಿನ ಬ್ಯಾಸಗಿ ಹೊತ್ತಿಗೆ
ಎದೆ ಮಾಸಿ ಬರೀ ಚೌಕಳಿ ಉಳಿಯುತ್ತದೆ.

"ಎಷ್ಟ್ ತಗೋತಾರ್ರಿ ಒಂದಕ್ಕ?"
ಅಂಗೈಯಲ್ಲಿ ಚಿಲ್ಲರೆ ಹರವಿ
ಬೆರಳಿನಿಂದ ಸರಿಸಿದಳು:
ಲಾಭ, ಎರಡು.